ಐವತ್ತನೆಯ ಸಂಜೆಯ ಋಣ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿರುವ ನಮ್ಮ ಸಣ್ಣ ಹಳ್ಳಿಯ ಸಭಾಂಗಣದಲ್ಲಿ 2024ರ ನವೆಂಬರ್ 1ರ ಶುಕ್ರವಾರ, ಬಿಯರ್ ರುಚಿ ನೋಡುತ್ತ ಹಳೆಯ ಪಬ್ ಆಟಗಳನ್ನಾಡುವ ಐವತ್ತನೆಯ ಸಂಜೆ ನಡೆಯಿತು. ಅಂದು ರಾಜ್ಯೋತ್ಸವ, ದೀಪಾವಳಿಯ ನಡುವಿನ ದಿನ ಬೇರೆ; ಯಾರೂ ಪಂಚಾಂಗ ನೋಡಿ ಗೊತ್ತು ಮಾಡಿದ್ದಲ್ಲ, ತಿಂಗಳ ಮೊದಲ ಶುಕ್ರವಾರ ತಾನಾಗಿಯೇ ಅಲ್ಲಿಗೆ ಬಂದು ನಿಂತಿತ್ತು. ಊರಿನವರಿಗೆ ನಾನು ಹೇಳಬೇಕಾದ ಕೃತಜ್ಞತೆಯನ್ನು ಇಂಗ್ಲಿಷಿನಲ್ಲಿ ಬರೆದು ಸಭಾಂಗಣದ ಬಾಗಿಲ ಪಕ್ಕದ ಫಲಕಕ್ಕೆ ಅಂಟಿಸಿದ್ದೇನೆ. ಅದು ಹನ್ನೆರಡು ಸಾಲಿಗೆ ಮುಗಿಯಿತು. ಅಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ತಿಪಟೂರಿನಿಂದಲೂ ಬೆಂಗಳೂರಿನಿಂದಲೂ ವಾರಕ್ಕೊಮ್ಮೆಯಾದರೂ ಫೋನ್ ಮಾಡಿ, "ಅಲ್ಲಿ ಒಬ್ಬಳೇ ಏನು ಮಾಡುತ್ತೀಯೆ, ಬಂದುಬಿಡು" ಎನ್ನುವ ನನ್ನ ಅಕ್ಕಂದಿರಿಗೂ ನಾದಿನಿಗೂ ನಾನು ಕೊಡಬೇಕಾದ ಉತ್ತರವೂ ಇದೇ.

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವವಳಲ್ಲ. ಕುಡಿತದ ಮಾತೆತ್ತಿದರೆ ದೇವರ ಮನೆಯ ಬಾಗಿಲು ಮುಚ್ಚುತ್ತಿದ್ದ ಮನೆಯಲ್ಲಿ ಬೆಳೆದವಳು. ನಮ್ಮ ಮನೆಯವರು ಮಾತ್ರ ಆಕ್ಸ್‌ಫರ್ಡಿನ ಕಾರು ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಮೇಲೆ ಜೊತೆಯವರೊಡನೆ ಹಳ್ಳಿಯ ಪಬ್ಬಿಗೆ ಹೋಗಿ ಅರ್ಧ ಪೈಂಟ್ ಹಿಡಿದು ಎರಡು ಗಂಟೆ ಕೂತು ಬರುತ್ತಿದ್ದರು. ಅವರನ್ನು ಅಲ್ಲಿಗೆ ಎಳೆದದ್ದು ಬಿಯರ್‌ಗಿಂತ ಹೆಚ್ಚಾಗಿ ಆಂಟ್ ಸ್ಯಾಲಿ ಎಂಬ, ಈ ಜಿಲ್ಲೆಯವರು ತಮ್ಮದೆಂದೇ ಹೆಮ್ಮೆಪಡುವ ಆಟ. ಕಬ್ಬಿಣದ ಸರಳಿನ ತಲೆಯ ಮೇಲೆ ಆರು ಅಂಗುಲದ ಬಿಳಿಯ ಮರದ ಬೊಂಬೆಯನ್ನು ನಿಲ್ಲಿಸಿ, ಹತ್ತು ಗಜ ದೂರದಿಂದ ಮೊಳದುದ್ದದ ಆರು ದೊಣ್ಣೆಗಳನ್ನು ಒಂದೊಂದಾಗಿ ಎಸೆದು ಬೀಳಿಸಬೇಕು. ದೊಣ್ಣೆ ಮೊದಲು ಕಬ್ಬಿಣಕ್ಕೆ ತಗುಲಿ ಆಮೇಲೆ ಬೊಂಬೆ ಬಿದ್ದರೆ ಲೆಕ್ಕಕ್ಕಿಲ್ಲ. ಆರೂ ವ್ಯರ್ಥವಾದರೆ ಅದಕ್ಕೆ 'ಬ್ಲಾಬ್' ಎನ್ನುತ್ತಾರೆ. ಲಗೋರಿಯಲ್ಲಿ ತಮ್ಮ ಗುರಿ ತಪ್ಪಿದ್ದೇ ಇಲ್ಲವೆಂದು ಹೇಳಿಕೊಳ್ಳುತ್ತಿದ್ದ ನಮ್ಮವರು ಈ ಬ್ಲಾಬಿಗೆ ಊರಿನಲ್ಲೆಲ್ಲ ಹೆಸರಾಗಿದ್ದರು.

ಆ ಪಬ್ ಮುಚ್ಚಿದಾಗ ಅದರ ಆಟದ ಹಲಗೆಗಳು, ಡಾಮಿನೋ ಬಿಲ್ಲೆಗಳು, ಆಂಟ್ ಸ್ಯಾಲಿಯ ಕಬ್ಬಿಣ ಎಲ್ಲವನ್ನೂ ಊರಿನ ಏಳೆಂಟು ಜನ ಚಂದಾ ಎತ್ತಿ ಕೊಂಡುಕೊಂಡರು. 2016ರ ಅಕ್ಟೋಬರಿನಿಂದ ಸಭಾಂಗಣದಲ್ಲಿ ಅಕ್ಟೋಬರ್–ಏಪ್ರಿಲ್ ನಡುವೆ ತಿಂಗಳಿಗೊಂದು ಸಂಜೆ ಆರಂಭವಾಯಿತು. ಬೇಸಿಗೆಯಲ್ಲಿ ಹಿಂದಿನ ಹುಲ್ಲುಗಾವಲಿನಲ್ಲಿ ಆಂಟ್ ಸ್ಯಾಲಿ. ಮೂರು ಬಗೆಯ ಬಿಯರ್ ತರಿಸಿ, ಪೈಂಟಿನ ಮೂರನೆಯ ಒಂದು ಭಾಗದ ಲೋಟಗಳಲ್ಲಿ ಸುರಿದು, ಯಾವುದು ಹೇಗಿದೆಯೆಂದು ಚೀಟಿಯಲ್ಲಿ ಬರೆಯುವ ಪದ್ಧತಿ ಆಗಿನಿಂದಲೂ ಇದೆ. ನಾನು ಸಂಡಿಗೆ, ಕೋಡುಬಳೆ ಮಾಡಿ ಡಬ್ಬಿ ತುಂಬಿ ಕಳಿಸುತ್ತಿದ್ದೆನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ.

2020ರ ಮಾರ್ಚಿನ ನಂತರ ಎಲ್ಲವೂ ನಿಂತಿತು. 2021ರ ಜನವರಿಯಲ್ಲಿ ನಮ್ಮ ಮನೆಯವರು ತೀರಿಕೊಂಡರು. ಅಂತ್ಯಕ್ರಿಯೆಗೆ 30 ಜನರಿಗಷ್ಟೇ ಅನುಮತಿ ಇದ್ದ ಕಾಲ. ನಮ್ಮ ಕಡೆಯವರು ಬರುವ ಹಾಗೇ ಇರಲಿಲ್ಲ. ಗಾಡಿ ಹೊರಟಾಗ ಹಳ್ಳಿಯವರು ತಂತಮ್ಮ ಗೇಟಿನ ಮುಂದೆ ನಿಂತಿದ್ದರು. ಆಂಟ್ ಸ್ಯಾಲಿಯ ತಂಡದವರ ಕೈಯಲ್ಲಿ ಒಂದೊಂದು ದೊಣ್ಣೆ ಇತ್ತು. ಅದರ ಬಗ್ಗೆ ಇನ್ನೂ ಬರೆಯಲು ನನ್ನಿಂದಾಗದು.

ಆ ವರ್ಷದ ಸೆಪ್ಟೆಂಬರಿನಲ್ಲಿ ಪಕ್ಕದ ಮನೆಯ ಹಿರಿಯರು, ನಿವೃತ್ತ ಅಂಚೆಯವರು, ನನ್ನ ಬಾಗಿಲಿನ ಸಂದಿಯಲ್ಲಿ ಒಂದು ಲಕೋಟೆ ಹಾಕಿ ಹೋದರು. ಸಾಂತ್ವನದ ಕಾರ್ಡಿರಬೇಕೆಂದು ಒಡೆದು ನೋಡಿದರೆ ಅದು ಮುಂದಿನ ಸಂಜೆಗಳ ಕೆಲಸ ಹಂಚಿಕೆಯ ಪಟ್ಟಿ. ಕುರ್ಚಿ ಜೋಡಿಸುವವರು, ಲೋಟ ತೊಳೆಯುವವರು ಎಂದೆಲ್ಲ ಬರೆದಿದ್ದ ಆ ಹಾಳೆಯಲ್ಲಿ 'ಪೀಪಾಯಿ' ಎಂಬುದರ ಮುಂದೆ ನನ್ನ ಹೆಸರಿತ್ತು. ನನ್ನನ್ನು ಕೇಳಿರಲಿಲ್ಲ. ಎಂಟು ತಿಂಗಳಿಂದ ಎಲ್ಲರೂ ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿ ಕೇಳಿಯೇ ಮಾತಾಡುತ್ತಿದ್ದುದರಿಂದ, ಹೀಗೆ ಕೇಳದೆ ಹೊರಿಸಿದ ಕೆಲಸ ನನಗೆ ಎಷ್ಟು ಹಗುರವೆನಿಸಿತೆಂದು ಅವರಿಗೆ ತಿಳಿದಿತ್ತೋ ಇಲ್ಲವೋ. ಈ ಬರಹದ ಮೊದಲ ನಮಸ್ಕಾರ ಆ ಹಿರಿಯರಿಗೆ.

ಪೀಪಾಯಿಯ ಕೆಲಸವೆಂದರೆ ಏನೆಂದು ನಮ್ಮವರಿಗೆ ಸ್ವಲ್ಪ ವಿವರಿಸಬೇಕು. ಏಲ್ ಎಂಬ ಇಲ್ಲಿನ ಸಾಂಪ್ರದಾಯಿಕ ಬಿಯರ್ ಪೀಪಾಯಿಯೊಳಗೇ ಎರಡನೆಯ ಸಲ ಹುದುಗುತ್ತದೆ. ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ. ಫರ್ಕಿನ್ ಎಂಬ ಅಳತೆಯ ಪೀಪಾಯಿಯಲ್ಲಿ ಒಂಬತ್ತು ಗ್ಯಾಲನ್, ಅಂದರೆ 72 ಪೈಂಟ್. ಅದನ್ನು ಮರದ ಅಡ್ಡೆಯ ಮೇಲೆ ಮಲಗಿಸಿ, ಮೇಲಿನ ಬಿರಡೆಗೆ ಮೆತುವಾದ ಮರದ ಬೆಣೆಯೊಂದನ್ನು ಬಡಿದರೆ, ಆ ಮರದ ಸೂಕ್ಷ್ಮ ರಂಧ್ರಗಳ ಮೂಲಕ ಅನಿಲ ಹೊರಬರುತ್ತ ನೊರೆಗುಳ್ಳೆಗಳು ಏಳುತ್ತವೆ. ಒರೆಸಿ ಮತ್ತೆ ನೋಡಬೇಕು. ಗುಳ್ಳೆ ಏಳುವುದು ನಿಧಾನವಾದಾಗ ಗಟ್ಟಿ ಮರದ ಬೆಣೆ ಹಾಕಿ, ಗಷ್ಟು ತಳಕ್ಕಿಳಿಯುವವರೆಗೆ ಸುಮಾರು 12 ಡಿಗ್ರಿ ತಂಪಿನಲ್ಲಿ ಅಲುಗಿಸದೆ ಬಿಡಬೇಕು. ನಲ್ಲಿ ತಿರುಗಿಸಿದ ಮೇಲೆ ಮೂರು ದಿನದೊಳಗೆ ಖಾಲಿಯಾಗದಿದ್ದರೆ ಹುಳಿಯಾಗುತ್ತದೆ. ಖಜಾಂಚಿಯವರು ಇದನ್ನೆಲ್ಲ ನನಗೆ ಬಹಳ ಗಂಭೀರವಾಗಿ ಕಲಿಸುತ್ತಿದ್ದಾಗ ನನಗೆ ಒಳಗೊಳಗೇ ನಗು. ನಲವತ್ತು ವರ್ಷ ಚಳಿದೇಶದಲ್ಲಿ ಇಡ್ಲಿ ಹಿಟ್ಟು ಉಬ್ಬಿಸಿದವಳಿಗೆ ಇದು ಹೊಸ ವಿದ್ಯೆಯೇ? ಬಾಯಿಗಿಡದಿದ್ದರೂ ಮೂಗಿಗೆ ಅಡ್ಡಿಯಿಲ್ಲ. ಬೆಣ್ಣೆಯ ವಾಸನೆ ಬಂದರೆ ಹುದುಗುವಿಕೆ ಪೂರ್ತಿಯಾಗಿಲ್ಲ, ಒದ್ದೆ ರಟ್ಟಿನ ವಾಸನೆ ಬಂದರೆ ಹಳತಾಗಿದೆ ಎಂದು ಈಗ ನಾನೇ ಮೂಸಿ ಹೇಳುತ್ತೇನೆ, ಅವರು ಕುಡಿದು ಒಪ್ಪುತ್ತಾರೆ.

ಇಷ್ಟು ಬೀಗಿದವಳು ಎರಡನೆಯ ಚಳಿಗಾಲದಲ್ಲಿ ಮಾಡಿದ ಎಡವಟ್ಟನ್ನೂ ಹೇಳಲೇಬೇಕು. ಶುಕ್ರವಾರ ಮಧ್ಯಾಹ್ನ ಸಭಾಂಗಣ ಗುಡಿಸುತ್ತಿದ್ದಾಗ ಪೀಪಾಯಿಯ ಅಡ್ಡೆಯ ಕೆಳಗೆ ಕಸ ಕಂಡಿತು. ಹಬ್ಬಕ್ಕೆ ಮೂಲೆ ಬಿಟ್ಟು ಗುಡಿಸುವ ಅಭ್ಯಾಸ ನಮಗಿಲ್ಲವಷ್ಟೆ. ಕೈಗೆ ಸಿಕ್ಕ ಹುಡುಗನೊಬ್ಬನನ್ನು ಕರೆದು ಅಡ್ಡೆಯನ್ನು ಪೀಪಾಯಿ ಸಮೇತ ಒಂದು ಮಾರು ಸರಿಸಿ, ಗುಡಿಸಿ, ಒರೆಸಿ, ಮತ್ತೆ ತಳ್ಳಿಟ್ಟೆ. ಸಂಜೆ ಮೊದಲ ಲೋಟ ಹಿಡಿದರೆ ಕೆರೆಯಲ್ಲಿ ಎಮ್ಮೆ ಇಳಿದ ಮೇಲಿನ ನೀರಿನಂತೆ ಬಗ್ಗಡ. 72 ಪೈಂಟೂ ಆ ರಾತ್ರಿಗೆ ಕೆಲಸಕ್ಕೆ ಬಾರದಾಯಿತು. ನಾನು ನಡೆದದ್ದನ್ನು ಹೇಳಿ ದುಡ್ಡು ನಾನೇ ಕೊಡುತ್ತೇನೆಂದೆ. ಖಜಾಂಚಿಯವರು ಲೋಟವನ್ನು ದೀಪಕ್ಕೆ ಹಿಡಿದು ನೋಡಿ, ಇವತ್ತು ಎರಡೇ ಬಗೆ ಎಂದು ಘೋಷಿಸಿ, ಇಸ್ಪೀಟು ಕಲೆಸಲು ಕೂತರು. ಭಾನುವಾರದ ಹೊತ್ತಿಗೆ ಗಷ್ಟು ಮತ್ತೆ ಇಳಿದು ಬಿಯರ್ ತಿಳಿಯಾಗಿತ್ತು. ಮಾರಾಟದ ಅನುಮತಿ ಶುಕ್ರವಾರಕ್ಕೆ ಮಾತ್ರ ಇದ್ದುದರಿಂದ ಅದನ್ನು ಬಂದವರಿಗೆಲ್ಲ ಪುಕ್ಕಟೆ ಕೊಡಲಾಯಿತು. ತಿಂಗಳ ಕೊನೆಗೆ ಲೆಕ್ಕದ ಪುಸ್ತಕ ತೆರೆದರೆ ಆ ನಷ್ಟದ ಎದುರು ಖಜಾಂಚಿಯವರ ಕೈಬರಹದಲ್ಲಿ 'ಗುಡಿಸಿದ ಖರ್ಚು' ಎಂದಷ್ಟೇ ಇತ್ತು. ಅವರಿಗೆ ನನ್ನ ಎರಡನೆಯ ನಮಸ್ಕಾರ.

ಅನುಮತಿಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಇಂಥ ಒಂದೊಂದು ಸಂಜೆಗೂ ಸ್ಥಳೀಯ ಆಡಳಿತಕ್ಕೆ ಹತ್ತು ಕೆಲಸದ ದಿನ ಮುಂಚಿತವಾಗಿ 21 ಪೌಂಡ್ ಕಟ್ಟಿ ನೋಟಿಸ್ ಕೊಡಬೇಕು, ಮತ್ತು ಸ್ವಂತ ಪರವಾನಗಿ ಇಲ್ಲದವರೊಬ್ಬರು ವರ್ಷಕ್ಕೆ ಐದಕ್ಕಿಂತ ಹೆಚ್ಚು ಕೊಡುವಂತಿಲ್ಲ. ನಮಗೆ ವರ್ಷಕ್ಕೆ ಏಳು ಬೇಕು. ಐದು ಅಂಚೆಯವರ ಹೆಸರಿನಲ್ಲಿ, ಉಳಿದೆರಡು ನನ್ನ ಹೆಸರಿನಲ್ಲಿ. ಮದ್ಯ ಮಾರುವವಳೆಂದು ಸರ್ಕಾರಿ ಕಾಗದದಲ್ಲಿ ನನ್ನ ಹೆಸರಿರುವುದು ನಮ್ಮಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಆಟಗಳಲ್ಲಿ ನನಗೆ ಒಗ್ಗಿದ್ದು ಶವ್ ಹೇಪೆನಿ. ನುಣುಪಾದ ಹಲಗೆಯ ಮೇಲೆ ಒಂಬತ್ತು ಪಟ್ಟಿಗಳಿರುತ್ತವೆ. ಹಳೆಯ ಅರ್ಧ ಪೆನ್ನಿ ನಾಣ್ಯವನ್ನು ಅಂಚಿನಿಂದ ಸ್ವಲ್ಪ ಹೊರಚಾಚಿಸಿಟ್ಟು, ಅಂಗೈಯ ಬುಡದಿಂದ ತಟ್ಟಿ, ಗೆರೆ ಮುಟ್ಟದಂತೆ ಪಟ್ಟಿಯೊಳಗೆ ನಿಲ್ಲಿಸಬೇಕು. ಪ್ರತಿ ಪಟ್ಟಿಗೂ ಮೂರು ಮೂರು ತುಂಬಿದವರು ಗೆದ್ದಂತೆ. ಕೇರಂ ಆಡಿದ ಬೆರಳಿಗೆ ಇದು ಮೊದಮೊದಲು ಬಗ್ಗಲಿಲ್ಲ. ನಮ್ಮ ಮನೆಯವರು ಐದು ನಾಣ್ಯಗಳನ್ನು ಆರಿಸಿಟ್ಟುಕೊಂಡು, ಒಂದು ಬದಿಯ ಹಡಗಿನ ಚಿತ್ರ ಅಳಿಯುವವರೆಗೆ ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದ್ದರು. ಅವು ಒಂದು ಕಾಫಿಪುಡಿ ಡಬ್ಬಿಯಲ್ಲಿ ಸಭಾಂಗಣದ ಕಪಾಟಿನಲ್ಲಿದ್ದವು. ನಾನು ಬರಲು ಆರಂಭಿಸಿದ ಮೇಲೆ ಬೇರೆ ಯಾರೂ ಆ ಡಬ್ಬಿಗೆ ಕೈ ಹಾಕಲಿಲ್ಲ. ಅದು ನಿಯಮವೆಂದು ಯಾರೂ ಹೇಳಲೂ ಇಲ್ಲ. ಕ್ರಿಬೇಜ್ ಎಂಬ ಇಸ್ಪೀಟಾಟದ ಮೇಜಿನವರು ಬೇರೆಯೇ ಜಾತಿ. ಎಲೆಗಳ ಮೊತ್ತ ಹದಿನೈದಾದರೆ ಎರಡು ಅಂಕವೆಂದು ಗೊಣಗುತ್ತ ಹಲಗೆಯ ತೂತುಗಳಲ್ಲಿ ಕಡ್ಡಿ ಸರಿಸುತ್ತಿರುತ್ತಾರೆ. ಕೈಯಲ್ಲಿ ಏನೂ ಇಲ್ಲದವನು "ಹತ್ತೊಂಬತ್ತು" ಎನ್ನುತ್ತಾನೆ, ಏಕೆಂದರೆ ಆ ಆಟದಲ್ಲಿ ಒಂದು ಕೈಗೆ ಹತ್ತೊಂಬತ್ತು ಅಂಕ ಬರುವುದೇ ಸಾಧ್ಯವಿಲ್ಲ. ಈಗ ಯಾರಾದರೂ ಫೋನಿನಲ್ಲಿ ವಿಶೇಷವೇನೆಂದರೆ ನನಗೂ ಅದೇ ಬಾಯಿಗೆ ಬರುತ್ತದೆ.

ಬಿಯರ್ ತಿಳಿಯಾಗಲು ಬಹಳ ಕಡೆ ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಬೆರೆಸುತ್ತಾರೆಂದು ತಿಳಿದಾಗ, ಸಸ್ಯಾಹಾರಿಗಳಿಗೆ ಇದನ್ನು ಹೇಳಬೇಕಲ್ಲವೇ ಎಂದು ಸಭೆಯಲ್ಲಿ ಕೇಳಿದೆ. ಕುಡಿಯದವಳ ಆಕ್ಷೇಪವೆಂದು ಯಾರೂ ತಳ್ಳಿಹಾಕಲಿಲ್ಲ. ಅಂದಿನಿಂದ ಮೂರರಲ್ಲಿ ಒಂದು ಪೀಪಾಯಿ ಆ ಪದಾರ್ಥವಿಲ್ಲದ್ದು, ಸ್ವಲ್ಪ ಮಂಜಾಗಿರುವಂಥದ್ದು. ಅದನ್ನು ಇಷ್ಟಪಟ್ಟು ಕುಡಿಯುವ ಮೂವರು ಹುಡುಗಿಯರಿದ್ದಾರೆ.

ಐವತ್ತನೆಯ ಸಂಜೆಗೆ ಕಿಟಕಿಯ ಮೇಲೆ ನಾನು ಹಣತೆ ಸಾಲು ಹಚ್ಚಿದೆ. ಪೀಪಾಯಿಗಳಲ್ಲೊಂದು ನಮ್ಮದೇ ಜಿಲ್ಲೆಯ, 1849ರಿಂದ ನಡೆಯುತ್ತಿರುವ ಹುಕ್ ನಾರ್ಟನ್‌ನದು. ಊರಿನಿಂದ ತಂದಿದ್ದ ಅಳಗುಳಿ ಮನೆಯನ್ನು ಕ್ರಿಬೇಜಿನ ಪಕ್ಕ ಇಟ್ಟು, ಹದಿನಾಲ್ಕು ಗುಳಿಗೂ ಹುಣಸೆ ಬೀಜ ತುಂಬಿ ಕೂತೆ. ಅಂಚೆಯವರು ಒಂದೇ ಪಾಠಕ್ಕೆ ಕಲಿತು ನನ್ನನ್ನು ಎರಡು ಸಲ ಸೋಲಿಸಿದರು. ಕೋಡುಬಳೆ ಹತ್ತು ನಿಮಿಷಕ್ಕೆ ಖಾಲಿ. ಕುರ್ಚಿ ಜೋಡಿಸಿದವರಿಗೆ, ಲೋಟ ತೊಳೆದವರಿಗೆ, ರಾತ್ರಿ ನನ್ನನ್ನು ಮನೆಯ ಬಾಗಿಲವರೆಗೆ ಬಿಟ್ಟು ಹೋಗುವ ದಂಪತಿಗೆ, ಪೀಪಾಯಿ ಸರಿಸಲು ಕೈಜೋಡಿಸಿ ಆಮೇಲೆ ಬೈಗುಳವನ್ನೂ ಹಂಚಿಕೊಂಡ ಆ ಹುಡುಗನಿಗೆ, ಎಲ್ಲರಿಗೂ ನಾನು ಋಣಿ.

ಅಕ್ಕಂದಿರೇ, ಐವತ್ತೊಂದನೆಯ ಸಂಜೆ ಡಿಸೆಂಬರ್ 6ಕ್ಕೆ. ಪೀಪಾಯಿಗಳು ಬುಧವಾರ ಬರುತ್ತವೆ. ಆ ಮೂಲೆಯನ್ನು ನಾನು ಮಂಗಳವಾರವೇ ಗುಡಿಸಿರುತ್ತೇನೆ.