ಶನಿವಾರದ ಅಣು ತರಗತಿ: ಹತ್ತನೇ ತರಗತಿ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಮುಂದಿನ ಶನಿವಾರದಿಂದ ನಾಲ್ಕು ವಾರ, ಬೆಳಗಿನ ಪಾಠ ಮುಗಿದ ಮೇಲೆ, ಹತ್ತನೇ ತರಗತಿ ಮಕ್ಕಳಿಗೆ ಕಂಪ್ಯೂಟರ್ ಕೋಣೆಯಲ್ಲಿ ಒಂದೂವರೆ ಗಂಟೆಯ ತರಗತಿ ಇಟ್ಟುಕೊಂಡಿದ್ದೇವೆ. ಪರಮಾಣುಗಳು ಸೇರಿ ಆಗುವ ಅಣುಗಳನ್ನು ಕಂಪ್ಯೂಟರ್‌ನಲ್ಲಿ ಕಟ್ಟುವುದು, ಅವುಗಳ ಆಕಾರ ಮತ್ತು ಶಕ್ತಿಯನ್ನು ಲೆಕ್ಕ ಹಾಕುವುದು, ಇದೇ ವಿಷಯ.

"ಎಸ್ಸೆಸ್ಸೆಲ್ಸಿ ವರ್ಷ, ಈಗ ಇದೆಲ್ಲಾ ಯಾಕೆ ಮೇಡಂ?" ಅಂತ ಕೆಲವರು ಗೇಟಿನ ಹತ್ತಿರವೇ ಕೇಳಿದ್ದೀರಿ. ಕೇಳಬೇಕಾದ್ದೇ. ಇದರಿಂದ ಅಂಕ ಜಾಸ್ತಿ ಬರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಆದರೆ ಕಾರ್ಬನ್ ಪಾಠವನ್ನು ನಮ್ಮ ಮಕ್ಕಳು ಉರು ಹೊಡೆಯುತ್ತಾರೆ. ಅದೇ ನನಗೆ ಬೇಜಾರು.

ಒಂದು ಉದಾಹರಣೆ ಹೇಳುತ್ತೇನೆ. ಆರು ಕಾರ್ಬನ್‌ಗಳು ಉಂಗುರದಂತೆ ಸೇರಿದ ಸೈಕ್ಲೋಹೆಕ್ಸೇನ್ ಎಂಬ ಅಣು ಪಠ್ಯಪುಸ್ತಕದಲ್ಲಿ ಅಂದರೆ ಚಪ್ಪಟೆ ಷಟ್ಕೋನ. ಮಕ್ಕಳೂ ಹಾಗೇ ಬರೆಯುತ್ತಾರೆ. ಷಟ್ಕೋನದ ಒಳಕೋನ 120 ಡಿಗ್ರಿ. ನಾಲ್ಕು ಒಂಟಿ ಬಂಧ ಇರುವ ಕಾರ್ಬನ್ನಿಗೆ ಒಗ್ಗುವುದು 109.5 ಡಿಗ್ರಿಯ ಆಸುಪಾಸು, ಹಾಗಾಗಿ ಚಪ್ಪಟೆ ಆಕಾರ ಅದಕ್ಕೆ ಸರಿಹೋಗುವುದಿಲ್ಲ. ಅದೇ ಅಣುವನ್ನು ಪರದೆಯ ಮೇಲೆ ಬರೆದು, ಆಕಾರ ಸರಿಪಡಿಸುವ ಗುಂಡಿ ಒತ್ತಿದರೆ ಉಂಗುರ ಮಡಚಿಕೊಳ್ಳುತ್ತದೆ. ಕೆಲವರ ಪರದೆಯಲ್ಲಿ ಅದು ಕುರ್ಚಿಯ ಆಕಾರಕ್ಕೆ ಬರುತ್ತದೆ. ಇನ್ನು ಕೆಲವರದ್ದು ತಿರುಚಿದ ದೋಣಿಯ ಆಕಾರದಲ್ಲೇ ನಿಂತುಬಿಡುತ್ತದೆ. ಅಣು ಒಂದೇ, ಉತ್ತರ ಎರಡು!

ಯಾಕೆ ಹೀಗೆ? ಈ ಲೆಕ್ಕದಲ್ಲಿ ಬಂಧಗಳನ್ನು ಸ್ಪ್ರಿಂಗ್ ಅಂತ ಭಾವಿಸುತ್ತಾರೆ. ಎಳೆದರೆ, ಬಗ್ಗಿಸಿದರೆ, ತಿರುಚಿದರೆ ಶಕ್ತಿ ಏರುತ್ತದೆ. ಪರಮಾಣುಗಳನ್ನು ಚೂರು ಚೂರೇ ಸರಿಸುತ್ತಾ, ಶಕ್ತಿ ಇನ್ನು ಇಳಿಯುವುದಿಲ್ಲ ಅನ್ನುವಲ್ಲಿ ಕಂಪ್ಯೂಟರ್ ನಿಲ್ಲುತ್ತದೆ. ಮಳೆನೀರು ಹತ್ತಿರದ ಗುಂಡಿಯಲ್ಲಿ ನಿಂತ ಹಾಗೆ. ಇನ್ನೂ ಆಳದ ಗುಂಡಿ ಪಕ್ಕದಲ್ಲೇ ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಕುರ್ಚಿ ಆಕಾರದ ಶಕ್ತಿ ತಿರುಚಿದ ದೋಣಿಗಿಂತ ಮೋಲ್‌ಗೆ (ಅಣುಗಳನ್ನು ಎಣಿಸುವ ಅಳತೆ) ಸುಮಾರು 23 ಕಿಲೋಜೂಲ್ ಕಡಿಮೆ. ಹಾಗಾಗಿ ಅಣು ಹೆಚ್ಚು ಹೊತ್ತು ಇರುವುದು ಕುರ್ಚಿಯಾಗಿಯೇ.

ಈ ತರಗತಿ ನನಗೆ ಇಷ್ಟವಾಗುವುದು ಇದಕ್ಕೇ. ಪರದೆಯ ಮೇಲೆ ಬಂದದ್ದೆಲ್ಲಾ ನಿಜ ಅಂತ ಮಕ್ಕಳು ನಂಬಿಬಿಡುತ್ತಾರೆ, ಅಲ್ವಾ? (ನಾವು ದೊಡ್ಡವರೇನು ಕಡಿಮೆ ಇಲ್ಲ.) ಇಲ್ಲಿ ಕಂಪ್ಯೂಟರ್ ಕೊಟ್ಟ ಉತ್ತರವನ್ನು ಪಕ್ಕದವರ ಉತ್ತರದ ಜೊತೆ ಇಟ್ಟು ನೋಡಬೇಕು, ಬೇರೆ ಕಡೆಯಿಂದ ಶುರು ಮಾಡಿ ಇನ್ನೊಮ್ಮೆ ಲೆಕ್ಕ ಹಾಕಬೇಕು. ಸ್ಪ್ರಿಂಗ್ ಲೆಕ್ಕದ ಶಕ್ತಿಯನ್ನು ಒಂದೇ ಅಣುವಿನ ಬೇರೆ ಬೇರೆ ಆಕಾರಗಳನ್ನು ಹೋಲಿಸಲು ಬಳಸಬಹುದು. ನೀರಿನ ಅಂಕಿಯನ್ನು ಬ್ಯೂಟೇನ್ ಎಂಬ ಬೇರೆ ಅಣುವಿನ ಅಂಕಿಯ ಪಕ್ಕ ಇಟ್ಟರೆ ಅರ್ಥವಿಲ್ಲ. ಇದನ್ನು ಮೊದಲ ವಾರವೇ ಹೇಳಿಕೊಡುತ್ತೇವೆ.

ಪರಮಾಣುಗಳ ಬಣ್ಣಕ್ಕೂ ಒಂದು ಕಥೆ ಇದೆ. 1865ರಲ್ಲಿ ಲಂಡನ್ನಿನ ಒಂದು ಉಪನ್ಯಾಸದಲ್ಲಿ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞ ಕ್ರೋಕೆ ಆಟದ ಚೆಂಡುಗಳನ್ನು ಕಡ್ಡಿಗಳಿಂದ ಜೋಡಿಸಿ ಅಣುಗಳನ್ನು ತೋರಿಸಿದರು. ಕಾರ್ಬನ್ ಕಪ್ಪು, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು. ಇವತ್ತಿಗೂ ಹೆಚ್ಚುಕಡಿಮೆ ಅದೇ ಬಣ್ಣ ನಡೆದುಬಂದಿದೆ.

ನಮ್ಮ ದೇಶದವರ ಕೆಲಸವೂ ಇಲ್ಲಿ ದೊಡ್ಡದು. ವಿಜ್ಞಾನಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಲ್ಲಿದ್ದಾಗ ಒಂದು ನಕ್ಷೆ ಪ್ರಕಟಿಸಿದರು. ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಪ್ರೋಟೀನ್ ಸರಪಳಿ ಎಷ್ಟೆಷ್ಟು ತಿರುಗಬಹುದು ಅನ್ನುವ ಲೆಕ್ಕ ಅದು. ಪ್ರೋಟೀನಿನ ಹೊಸ ರಚನೆ ಸಿಕ್ಕರೆ ಸರಿಯಾಗಿದೆಯೇ ಎಂದು ಈಗಲೂ ಅದರ ಮೇಲಿಟ್ಟು ನೋಡುತ್ತಾರೆ. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆಣ್ವಿಕ ಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. 2013ರ ರಸಾಯನಶಾಸ್ತ್ರ ನೊಬೆಲ್ ಕೂಡ ಕಾರ್ಪ್ಲಸ್, ಲೆವಿಟ್, ವಾರ್ಶೆಲ್ ಅವರಿಗೆ ಇಂಥ ಕಂಪ್ಯೂಟರ್ ಮಾದರಿಗಳಿಗೇ ಬಂತು. ನಾಲ್ಕು ವಾರದಲ್ಲಿ ನಮ್ಮ ಮಕ್ಕಳು ಔಷಧ ಕಂಡುಹಿಡಿಯುವುದಿಲ್ಲ ಬಿಡಿ. ನೀರಿನ ಅಣುವಿನ ಕೋನ ಅಳೆದು 104.5 ಡಿಗ್ರಿ ಹತ್ತಿರ ಬಂತು ಅಂತ ಹೇಳಿದರೆ ನನಗೆ ಸಾಕು.

ಇನ್ನು ಖರ್ಚಿನ ಮಾತು. ಶುಲ್ಕ ಇಲ್ಲ. ನಾವು ಬಳಸುವ ಅವೊಗಾಡ್ರೊ ಅನ್ನುವ ಸಾಫ್ಟ್‌ವೇರ್ ಉಚಿತ, ಮುಕ್ತ ತಂತ್ರಾಂಶ. ಮನೆಗೆ ಲ್ಯಾಪ್‌ಟಾಪ್ ಕೊಳ್ಳಬೇಕಾಗಿಲ್ಲ, ಯಾರಾದರೂ ಮಾರಲು ಬಂದರೆ ದಯವಿಟ್ಟು ನಮ್ಮ ಹೆಸರು ನಂಬಬೇಡಿ. ಹೋಂವರ್ಕ್ ಇಲ್ಲ. ಮೊಬೈಲ್ ತರುವ ಹಾಗಿಲ್ಲ. ಒಂದು ಕಂಪ್ಯೂಟರಿಗೆ ಇಬ್ಬರು ಕೂರುತ್ತಾರೆ, ಅರ್ಧ ಹೊತ್ತಿಗೆ ಮೌಸ್ ಕೈ ಬದಲಾಗುತ್ತದೆ. ಲ್ಯಾಬಿನ ಪ್ರಯೋಗಗಳು ಎಂದಿನಂತೆ ನಡೆಯುತ್ತವೆ, ಅವುಗಳ ಬದಲಿಗೆ ಇದಲ್ಲ. ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆಯೇ ಇದು ಮುಗಿಯುತ್ತದೆ.

ಮಧ್ಯಾಹ್ನ ತಡವಾಗುವುದರಿಂದ ಆ ದಿನ ತಿಂಡಿ ಡಬ್ಬಿ ಸ್ವಲ್ಪ ದೊಡ್ಡದಿರಲಿ. ದೂರದ ಊರಿನಿಂದ ಬರುವವರಿಗೆ ಬಸ್ಸಿನ ತೊಂದರೆ ಇದ್ದರೆ ಮೊದಲೇ ತಿಳಿಸಿ, ಅವರನ್ನು ಬೇಗ ಬಿಡುತ್ತೇವೆ. ಬರಲೇಬೇಕೆಂಬ ಒತ್ತಾಯ ಯಾರಿಗೂ ಇಲ್ಲ. ಒಪ್ಪಿಗೆ ಇದ್ದರೆ ಕೆಳಗಿನ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕ್ಲಾಸ್ ಟೀಚರ್ ಕೈಗೆ ತಲುಪಿಸಿ. ಕೊನೆಯ ಶನಿವಾರ ನೀವೂ ಬಂದು ನಿಮ್ಮ ಮಗ, ಮಗಳ ಪಕ್ಕ ಕೂತು ಒಂದು ಅಣು ಕಟ್ಟಬಹುದು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ