ಸಭೆಯಲ್ಲಿ ಸುಮ್ಮನಿರುವವರು

ಮನೆಯಲ್ಲಿ ತುಳು ಅಥವಾ ಹವ್ಯಕ, ಶಾಲೆಯಲ್ಲಿ ಕನ್ನಡ, ಕುಂಬಳೆ ಪೇಟೆಯಲ್ಲಿ ಬ್ಯಾರಿ ಅಥವಾ ಕೊಂಕಣಿ, 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಸರಕಾರಿ ಕಚೇರಿಯಲ್ಲಿ ಮಲಯಾಳ: ಹೀಗೆ ಬೆಳೆದ ಕಾಸರಗೋಡಿನ ಮಕ್ಕಳು ಇಲ್ಲಿ ಜರ್ಮನಿಯ ಬಹುರಾಷ್ಟ್ರೀಯ ಕಂಪನಿಗಳ ಸಂಶೋಧನಾ ತಂಡಗಳಲ್ಲಿ ಬೇಗ ಹೊಂದಿಕೊಳ್ಳುತ್ತಾರೆಂದು ನಾವು ಹೆಮ್ಮೆಪಡುವುದುಂಟು. ಆ ಹೆಮ್ಮೆ ಅರ್ಧ ಮಾತ್ರ ಸರಿ. ಇಷ್ಟೆಲ್ಲ ಭಾಷೆ ಬಲ್ಲ ನಾವು ಹಿರಿಯರ ಮಾತಿಗೆ ಎದುರಾಡುವುದನ್ನು ಅವುಗಳಲ್ಲಿ ಒಂದರಲ್ಲೂ ಕಲಿತಿಲ್ಲ.

ವಾರದ ವಿಡಿಯೋ ಸಭೆಯಲ್ಲಿ ಮುಖ್ಯಸ್ಥರು ಗ್ರಾಫ್ ತೋರಿಸಿ, ಎಲ್ಲರಿಗೂ ಒಪ್ಪಿಗೆಯೇ ಎಂದು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಹೋಲಿಕೆಗೆಂದು ಔಷಧ ಹಾಕದೆ ಇಟ್ಟ ಕಂಟ್ರೋಲ್ ಮಾದರಿಯಲ್ಲೂ ಜೀವಕೋಶಗಳು ಸಾಯುತ್ತಿರುವುದನ್ನು, ಅಂದರೆ ಸಾವಿಗೆ ಔಷಧವೇ ಕಾರಣವೆನ್ನಲಾಗದು ಎಂಬುದನ್ನು, ಗಮನಿಸಿದ ಬದಿಯಡ್ಕದ ಹುಡುಗಿ ಮೈಕ್ ತೆರೆಯುವುದಿಲ್ಲ. ನಾಲ್ಕು ಜನರ ಮುಂದೆ ಮುಖ್ಯಸ್ಥರಿಗೆ ಮುಜುಗರವಾಗಬಾರದೆಂಬುದು ಅವಳ ಎಣಿಕೆ. ಆಕ್ಷೇಪವಿದ್ದರೆ ಹೇಳುತ್ತಿದ್ದರಲ್ಲ ಎಂಬುದು ಮುಖ್ಯಸ್ಥರ ಎಣಿಕೆ. ಮುಂದಿನ ಪ್ರಯೋಗಗಳೆಲ್ಲ ಆ ಗ್ರಾಫನ್ನೇ ನಂಬಿ ನಡೆಯುತ್ತವೆ.

ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೀಡ್, 1967ರಿಂದ 1973ರ ನಡುವೆ ಐಬಿಎಂ ನೌಕರರಲ್ಲಿ ನಡೆದ ಸಮೀಕ್ಷೆಯ ಆಧಾರದ ಮೇಲೆ, ಅಧಿಕಾರದ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪಿಕೊಳ್ಳುತ್ತಾರೆ ಎಂಬುದನ್ನು ಅಂಕಗಳಲ್ಲಿ ಅಳೆದರು. ಭಾರತಕ್ಕೆ 77, ಜರ್ಮನಿಗೆ 35, ಡೆನ್ಮಾರ್ಕಿಗೆ 18 ಬಂತು. ಒಂದೇ ಕಂಪನಿಯ ನೌಕರರನ್ನು ಕೇಳಿ ಇಡೀ ದೇಶವನ್ನು ಅಳೆಯಬಹುದೇ ಎಂಬ ಟೀಕೆ ನ್ಯಾಯವಾದದ್ದೇ; ಆದರೂ ಆ ಹುಡುಗಿಯ ಮೌನಕ್ಕೆ ಅಂಜುಬುರುಕ ಸ್ವಭಾವವೇ ಕಾರಣವೆಂದು ಷರಾ ಬರೆಯುವ ಮುನ್ನ ಈ ಅಂಕಿಗಳನ್ನೊಮ್ಮೆ ನೋಡುವುದು ಒಳ್ಳೆಯದು.

ಧೈರ್ಯವಾಗಿ ಮಾತಾಡು ಎಂದು ಅವಳಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಸಭೆಯ ಕ್ರಮವನ್ನು ಬದಲಿಸುವ ಅಧಿಕಾರ ಇರುವುದು ಮುಖ್ಯಸ್ಥರ ಕೈಯಲ್ಲಿ. ದತ್ತಾಂಶವನ್ನು ಹಿಂದಿನ ದಿನವೇ ಕಳುಹಿಸಿ ಸಂದೇಹಗಳನ್ನು ಬರಹದಲ್ಲಿ ತರಿಸಿಕೊಂಡರೆ, ಕಿರಿಯರಿಂದ ಮಾತು ಆರಂಭಿಸಿ ತಾವು ಕೊನೆಗೆ ಮಾತಾಡಿದರೆ, ಒಪ್ಪಿಗೆಯೇ ಎಂದು ಕೇಳುವ ಬದಲು ಇದರಲ್ಲಿ ಎಲ್ಲಿ ತಪ್ಪಿರಬಹುದೆಂದು ಕೇಳಿದರೆ, ತಪ್ಪು ತೋರಿಸುವುದು ಉದ್ಧಟತನವಾಗದೆ ವಹಿಸಿಕೊಟ್ಟ ಕೆಲಸವಾಗುತ್ತದೆ. ಸಮಯದ ವಿಚಾರವೂ ಇದೆ: ಮ್ಯೂನಿಕ್‌ನ ಸಂಜೆ 5ರ ಸಭೆ ಚಳಿಗಾಲದಲ್ಲಿ ಬೆಂಗಳೂರಿನವರಿಗೆ ರಾತ್ರಿ 9.30, ಆ ಹೊತ್ತಿಗೆ ಯಾರು ತಾನೇ ಚರ್ಚೆ ಬೆಳೆಸುತ್ತಾರೆ?

ನಮ್ಮ ಸಂಘದಲ್ಲೂ ತಂಡಗಳ ಮುಖ್ಯಸ್ಥರಾದವರು ಇದ್ದಾರೆ. ಅವರಲ್ಲಿ ಕೆಲವರಿಗೆ, ತಾವು ಹಿಂದೆ ಹಿರಿಯರಿಗೆ ಒಪ್ಪಿಸಿದ ಮೌನವನ್ನು ಈಗ ಕಿರಿಯರಿಂದ ವಸೂಲು ಮಾಡುವ ಆಸೆ ಇನ್ನೂ ಹೋಗಿಲ್ಲವೆಂದು ನನಗನ್ನಿಸುತ್ತದೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಅಂಥ ಪತ್ರಗಳನ್ನು ಮೊದಲ ಪುಟದಲ್ಲೇ ಅಚ್ಚು ಹಾಕುತ್ತೇವೆ.