ಗಂಬೂಟಿನ ಅಣ್ಣನಿಗೆ

ಕಳೆದ ಭಾನುವಾರ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ಕಾರು ಪಂಕ್ಚರ್ ಆದಾಗ ಬೈಕ್ ನಿಲ್ಲಿಸಿದ ಅಣ್ಣ, ಹೆಸರು ಕೇಳೋದೇ ಮರೆತೆವು, ಕ್ಷಮಿಸಿ.

ನಾವು ಮಂಗಳೂರಿನವರು. ದೆಹಲಿಯಿಂದ ಬಂದ ನೆಂಟರಿಗೆ ಪಣಂಬೂರು ಕಡಲು, ಪಿಲಿಕುಳ ಎಲ್ಲ ತೋರಿಸಿಯಾಗಿತ್ತು. ಒಂದು ದಿನ ಕೊಡಗು ಅಂತ ಬೆಳಿಗ್ಗೆ ಐದಕ್ಕೇ ಸುಳ್ಯ, ಸಂಪಾಜೆ ಘಾಟಿ ಹತ್ತಿ ಬಂದಿದ್ದೆವು. ಸ್ಟೆಪ್ನಿ ಇತ್ತು, ಜಾಕೂ ಇತ್ತು. ಆದರೆ ಚಕ್ರದ ಒಂದು ನಟ್ಟು ಜಪ್ಪಯ್ಯ ಅಂದರೂ ತಿರುಗಲಿಲ್ಲ. ನೀವು ತೋಟದಿಂದ ಒಂದು ಪೈಪಿನ ತುಂಡು ತಂದು ಸ್ಪ್ಯಾನರ್ ಹಿಡಿಗೆ ತೂರಿಸಿ, ಗಂಬೂಟು ಕಾಲಲ್ಲಿ ಅದರ ಮೇಲೆ ನಿಂತಿರಿ. ಟಕ್ ಅಂತ ಬಿಟ್ಟುಕೊಂಡಿತು! ಅಷ್ಟರಲ್ಲಿ ಅಮ್ಮನ ಕಾಲಿಗೆ ಜಿಗಣೆ ಹತ್ತಿತ್ತು. ಅದಕ್ಕೂ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟಿದ್ದಿರಲ್ಲ, ಅದೇ ನನಗೆ ಜಾಸ್ತಿ ಆಶ್ಚರ್ಯ.

"ಮಂಜು ಮುಚ್ಚುವ ಮೊದಲು ತಲಕಾವೇರಿ ನೋಡಿಬಿಡಿ, ಸಂಗಮ ಇಳಿಯುವಾಗ ನೋಡಿದರಾಯ್ತು" ಅಂದಿರಿ. ಹಾಗೇ ಮಾಡಿದೆವು. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಎರಡೇ ಕಂಡಾಗ, ಮೂರನೆಯ ಸುಜ್ಯೋತಿ ನೆಲದಡಿ ಹರಿಯುತ್ತಾಳೆ ಅನ್ನುವ ನಿಮ್ಮ ಮಾತನ್ನೇ ನೆಂಟರಿಗೆ ಹೇಳಿ ನಾನು ದೊಡ್ಡ ಗೈಡ್ ಆದೆ. ರಾಜಾಸೀಟಿನ ಸೂರ್ಯಾಸ್ತ ಮಾತ್ರ ಬಿಟ್ಟೆವು. ಕತ್ತಲಲ್ಲಿ ಘಾಟಿ ಇಳಿಯಬೇಡಿ ಅಂದಿದ್ದಿರಿ ಅಲ್ವಾ?

ದುಡ್ಡು ಕೊಡಲು ಹೋದರೆ ಬೈದಿರಿ. ನಿಮ್ಮ ಪೈಪಿನ ತುಂಡು ನಮ್ಮ ಡಿಕ್ಕಿಯಲ್ಲೇ ಉಳಿದಿದೆ. ಇದನ್ನು ಓದಿದರೆ ತಿಳಿಸಿ, ಒಂದು ಬುಟ್ಟಿ ಒಣಮೀನಿನ ಜೊತೆ ತಂದುಕೊಡುತ್ತೇವೆ.